ಓದಿ ಹೇಳುವುದಕ್ಕಿಂತ ಓದುವಂತೆ ಬರೆಯುವುದು ಲೇಸು

ಹುಟ್ಟಿನಿಂದಲೇ ನನಗೆ ದೃಷ್ಟಿಯಿಲ್ಲ. ಧಾರವಾಡದ ಕಚೇರಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಹೊಣೆ ನನ್ನದು. ಗಣಕಯಂತ್ರದಲ್ಲಿ ನಾನು ಹೇಗೆ ಓದುತ್ತೇನೆಂದು ಬಂಧುಗಳು ಮೇಲಿಂದ ಮೇಲೆ ಕೇಳುವುದುಂಟು. ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿಸುವ ತಂತ್ರಾಂಶಗಳಿವೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ ರೂಪಿಸತೊಡಗಿದ ಎನ್‌ವಿಡಿಎ ಅವುಗಳಲ್ಲೊಂದು. ಅದು ಉಚಿತವಾದುದು, ಕನ್ನಡವನ್ನೂ ಓದುತ್ತದೆ.

ಆದರೆ ಯಂತ್ರವು ಓದಬೇಕಾದರೆ ಬರಹವು ಬರಹವಾಗಿಯೇ ಇರಬೇಕು. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಗೆಯೇ ಕಳಿಸಿದರೆ ಅದು ಬರಿಯ ಚಿತ್ರ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರದ ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿರುವುದರಿಂದ ಕಿವಿಗೆ ಬೀಳುವುದು ಅರ್ಥವಿಲ್ಲದ ಗದ್ದಲ.

ನನ್ನ ಸಹೋದ್ಯೋಗಿಗಳು ಸಜ್ಜನರು. “ಅದಕ್ಕೇನ್ರೀ ಸರ, ನಾವು ಓದಿ ಹೇಳ್ತೀವಲ್ಲ” ಎನ್ನುತ್ತಿದ್ದರು. ಅವರ ಪ್ರೀತಿಗೆ ನಾನು ಋಣಿ. ಆದರೆ ಕಾಗದದ ಕೆಳಗಿನ ಸಹಿ ನನ್ನದು, ತಪ್ಪಾದರೆ ಉತ್ತರಿಸಬೇಕಾದವನೂ ನಾನೇ. ಪರರ ಕಣ್ಣನ್ನು ನಂಬಿ ಎಷ್ಟು ದಿನ ಸಹಿ ಮಾಡುವುದು?

ಮೇಲಧಿಕಾರಿಗಳ ಅನುಮತಿ ಪಡೆದು ಒಂದು ಶನಿವಾರ ಎಲ್ಲರನ್ನೂ ಕೂಡಿಸಿದೆ. ಪರದೆಗಳನ್ನು ಆರಿಸಿ, ಅವರೇ ಸಿದ್ಧಪಡಿಸಿದ ಸುತ್ತೋಲೆಯಲ್ಲಿ ಕೊನೆಯ ದಿನಾಂಕವನ್ನು ಕಿವಿಯಿಂದಲೇ ಹುಡುಕಿರೆಂದು ಹೇಳಿದೆ. ಹತ್ತು ನಿಮಿಷವಾದರೂ ಒಬ್ಬರಿಗೂ ಸಿಗಲಿಲ್ಲ. ಕೊಠಡಿಯಲ್ಲಿ ಮೌನ ಕವಿಯಿತು. ಅನಂತರ ಕಲಿಸಿದ್ದು ನಾಲ್ಕೇ ಮಾತು: ಯುನಿಕೋಡಿನಲ್ಲಿ ಬೆರಳಚ್ಚಿಸುವುದು, ಶೀರ್ಷಿಕೆಯನ್ನು ಬರಿದೇ ದಪ್ಪಗೊಳಿಸದೆ ಶೀರ್ಷಿಕೆಯೆಂದೇ ಗುರುತಿಸುವುದು, ಚಿತ್ರಕ್ಕೆ ವಿವರಣೆ ಸೇರಿಸುವುದು, ಮುದ್ರಿಸಿ ಸ್ಕ್ಯಾನ್ ಮಾಡುವ ಬದಲು ಮೂಲ ಕಡತವನ್ನೇ ಕಳಿಸುವುದು.

ಇಂದಿಗೂ ಒಬ್ಬಿಬ್ಬರು ಸ್ಕ್ಯಾನ್ ಪ್ರತಿ ಕಳಿಸುವುದುಂಟು. ಆದರೆ ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಗುಮಾಸ್ತರೊಬ್ಬರು, ಅಕ್ಷರಗಳನ್ನು ಬೇಕಾದಷ್ಟು ಹಿಗ್ಗಿಸಿ ಓದಲು ಬರುವುದರಿಂದ ತಮಗೂ ಅನುಕೂಲವಾಯಿತೆಂದರು.

ಇದು ಯಾರೋ ತೋರುವ ಕರುಣೆಯ ಮಾತಲ್ಲ. ಮಾಹಿತಿಯು ಎಲ್ಲರಿಗೂ ಎಟುಕುವ ರೂಪದಲ್ಲಿರುವಂತೆ ಸರ್ಕಾರವು ಕ್ರಮ ಕೈಗೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಕಲಮು ವಿಧಿಸುತ್ತದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಸಾರಿದೆ.

ವಾಚಕ ಬಂಧುಗಳಲ್ಲಿ ಒಂದು ವಿನಂತಿ. ಮನೆಯ ಲಗ್ನಪತ್ರಿಕೆಯನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸುವಾಗ ದಿನ, ಮುಹೂರ್ತ, ಸ್ಥಳಗಳನ್ನು ಕೆಳಗೆ ಎರಡು ಸಾಲಿನಲ್ಲಿ ಬೆರಳಚ್ಚಿಸಿರಿ. ಯಾರಿಂದಲೂ ಓದಿಸಿಕೊಳ್ಳದೆ, ನಾವೇ ಓದಿಕೊಂಡು ವಧೂವರರನ್ನು ಹರಸಲು ಬರುತ್ತೇವೆ.