ನಾಲೆಯ ಏರಿಗೆ ಎಂಥ ಜೋಡು?

ಮದುವೆಯ ಸೀರೆಗೆಂದು ಒಂದು ಸಂಸಾರ ನಾಲ್ಕು ಅಂಗಡಿ ಹತ್ತಿ ಇಳಿಯುವುದುಂಟು. ಸೆರಗನ್ನು ಬೆಳಕಿಗೆ ಹಿಡಿದು ನೋಡುವುದುಂಟು, ಜರಿಯನ್ನು ಬೆರಳಿನಿಂದ ಸವರಿ ನೋಡುವುದುಂಟು. ಬದನೆಕಾಯಿಯನ್ನು ಕೂಡ ತೊಟ್ಟು ಹಿಡಿದು ತಿರುಗಿಸಿ ನೋಡದೆ ಚೀಲಕ್ಕೆ ಹಾಕುವ ಗೃಹಿಣಿ ಅಪರೂಪ. ಆದರೆ ಅದೇ ಸಂಸಾರ ಪಾದರಕ್ಷೆಯ ಅಂಗಡಿಗೆ ಹೋದರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಹೊರಗೆ ಬರುತ್ತದೆ. ಬೆಲೆ ಎಷ್ಟು, ಬಣ್ಣ ಕೊಳೆಯಾದೀತೆ, ಎಷ್ಟು ವರ್ಷ ಬಾಳೀತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ವ್ಯಾಪಾರ ಕುದುರಿದಂತೆಯೇ. ಮಕ್ಕಳಿಗಾದರೆ, ‘ಬೆಳೆಯುವ ಕಾಲು, ಒಂದು ಅಳತೆ ದೊಡ್ಡದೇ ಇರಲಿ’ ಎಂಬ ತೀರ್ಪು ಬೇರೆ. ಯಾವ ಕಾಲು ಅದನ್ನು ಮೆಟ್ಟಬೇಕೋ ಆ ಕಾಲಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ದೇಹದಲ್ಲಿ ಎಲ್ಲಕ್ಕಿಂತ ಕೆಳಗಿರುವ ಅಂಗವಾದ್ದರಿಂದಲೋ ಏನೋ, ಅದರ ದೂರು ತಲೆಯವರೆಗೆ ತಲುಪಲು ಕೆಲವು ದಿನ ಬೇಕಾಗುತ್ತದೆ.

ನಡೆಯುವವನು ಈ ಅಲಕ್ಷ್ಯವನ್ನು ಹೇಗೋ ಸಹಿಸಿಕೊಂಡು ಹೋಗುತ್ತಾನೆ. ಓಡುವವನಿಗೆ ಅದು ಸಾಧ್ಯವಿಲ್ಲ. ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಪಾದಗಳು ಕ್ಷಣಕಾಲ ನೆಲವನ್ನು ಬಿಡುತ್ತವೆ. ಮರಳಿ ಇಳಿಯುವ ಒಂದೇ ಪಾದದ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಒಂದು ಕಿಲೋಮೀಟರು ಓಡುವಷ್ಟರಲ್ಲಿ ಹೆಚ್ಚು ಕಡಿಮೆ ಸಾವಿರ ಸಲ ಹೀಗಾಗುತ್ತದೆ. ಕೆಳಗಿನ ನೆಲವೂ ಸಮನಾಗಿಲ್ಲದಿದ್ದರೆ ಕಾಲಿಗೂ ಜೋಡಿಗೂ ಇರುವ ಸಂಬಂಧ ಅಲಂಕಾರದ ಮಾತಾಗಿ ಉಳಿಯುವುದಿಲ್ಲ.

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯ ಸುತ್ತಿನ ನೆಲವನ್ನೇ ನೋಡಬಹುದು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡು ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕನ್ನಂಬಾಡಿಯ ನಾಲೆ ಈ ಸೀಮೆಯನ್ನು ಕಬ್ಬು ಬತ್ತಗಳ ನಾಡನ್ನಾಗಿ ಮಾಡಿತು. ನೀರಿನೊಡನೆ ನೆಲದ ಸ್ವಭಾವವೂ ಬದಲಾಯಿತು. ಊರಿನ ಡಾಂಬರು ರಸ್ತೆ ಬಿಟ್ಟು ನಾಲೆಯ ಏರಿ ಹತ್ತಿದರೆ ಬೇಸಿಗೆಯಲ್ಲಿ ಗಟ್ಟಿ ಮಣ್ಣು, ಮೇಲೆ ಸಡಿಲವಾದ ಕಲ್ಲಿನ ಚೂರು. ಏರಿ ಇಳಿದರೆ ಗಾಡಿಯ ಜಾಡು, ನಡುವೆ ಹುಲ್ಲಿನ ದಿಂಡು. ಅಲ್ಲಿಂದಾಚೆ ಗದ್ದೆಯ ಬದು. ಎರಡು ಪಾದ ಜೊತೆಗೆ ನಿಲ್ಲಲಾರದಷ್ಟು ಕಿರಿದು, ನೀರು ಕಟ್ಟಿದ ದಿನ ಬೆಣ್ಣೆಯಂತೆ ಜಾರು. ಪಕ್ಕದಲ್ಲಿ ಕಬ್ಬು ಕಡಿದ ಹೊಲದ ಕೂಳೆ, ಈಟಿಯ ಮೊನೆಯಂತೆ ನೆಟ್ಟಗೆ ನಿಂತಿರುತ್ತದೆ. ಮೂರು ಕಿಲೋಮೀಟರಿನೊಳಗೆ ನಾಲ್ಕು ಬಗೆಯ ನೆಲ!

ಇಂಥ ನೆಲದ ಮೇಲೆ ಓಡುವುದಕ್ಕೆ ಪಟ್ಟಣದವರು ‘ಟ್ರೇಲ್ ಓಟ’ ಎಂದು ಹೆಸರಿಟ್ಟಿದ್ದಾರೆ. ಶ್ರೀರಂಗಪಟ್ಟಣದ ಬಳಿ, ರಂಗನತಿಟ್ಟಿನ ನೆರೆಯ ನಾಲೆಯ ದಡದಲ್ಲಿ ‘ಕಾವೇರಿ ಟ್ರೇಲ್ ಮ್ಯಾರಥಾನ್’ ನಡೆದಾಗ ಬೆಂಗಳೂರಿನಿಂದ ಬಂದವರು ಬೆವರು ಸುರಿಸಿ ಓಡಿ, ಹಕ್ಕಿಗಳನ್ನೂ ನೋಡಿಕೊಂಡು ಹೋಗಿದ್ದಾರೆ. ಹಳ್ಳಿಯ ಹುಡುಗರಿಗೆ ಅದಕ್ಕೆ ವಿಶೇಷ ಹೆಸರೇನೂ ಇಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಏರಿಯ ಮೇಲೆ ಓಡುವ ಅವರ ಕಣ್ಣು ಹಕ್ಕಿಯ ಮೇಲಲ್ಲ, ಗಡಿಯಾರದ ಮೇಲೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು ಆರೂವರೆ ನಿಮಿಷದೊಳಗೆ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಬೇಕು. ಎಷ್ಟೋ ಮನೆಗಳಲ್ಲಿ ಒಂದು ಸಂಬಳ ಬರುವುದೋ ಬಾರದೋ ಎಂಬುದು ಈ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಪರೀಕ್ಷೆಗೆ ಹದಿನೈದು ದಿನವಿರುವಾಗ ಕಣಕಾಲು ಉಳುಕಿದರೆ ಒಂದು ವರ್ಷದ ಬೆವರು ನಾಲೆಯ ಪಾಲು.

ಆದರೂ ಷೂ ಎಂದೊಡನೆ ಮನೆಯಲ್ಲಿ ವಾದ ಹುಟ್ಟುತ್ತದೆ.

‘ಕೆಸರಲ್ಲಿ ಮೆಟ್ಕಂಡು ಓಡೋಕೆ ಮೂರು ಸಾವ್ರ ಕೊಡಬೇಕೇನ್ಲಾ?’ ಎಂದು ತಂದೆ ಕೇಳುತ್ತಾನೆ.

‘ಕೆಸರು ಅಂತ್ಲೇ ಬೇಕು ಕಣಪ್ಪ’ ಎಂದು ಮಗ ಹೇಳುತ್ತಾನೆ.

ಜಗಲಿಯ ಮೇಲಿನ ಅಜ್ಜ ಇಬ್ಬರನ್ನೂ ಸುಮ್ಮನಾಗಿಸುತ್ತಾನೆ: ‘ನಾವೇನು ಎಕ್ಕಡ ಮೆಟ್ಕಂಡು ಆರು ಕಟ್ಟಿದ್ವಾ? ಬರಿಗಾಲಲ್ಲೇ ಮಂಡ್ಯಕ್ಕೆ ಹೋಗಿ ಬತ್ತಿರ್ಲಿಲ್ವಾ?’

ಅಜ್ಜನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಆಡಿದ ಭಾರತದ ಫುಟ್‌ಬಾಲ್ ತಂಡದಲ್ಲಿ ಬಹುಮಂದಿ ಬರಿಗಾಲಿನವರು. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕರಾವಳಿಯ ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವವರ ಕಾಲಿಗೆ ಇಂದಿಗೂ ಜೋಡಿಲ್ಲ. 1960ರಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ರೋಮ್ ನಗರದ ಬೀದಿಗಳಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನದ ಪದಕ ಗೆದ್ದ. ಆತ ಬರಿಗಾಲಿನಲ್ಲಿ ಓಡಿದ್ದಾದರೂ ಏಕೆ? ಅಲ್ಲಿ ಸಿಕ್ಕ ಷೂಗಳು ಅವನ ಕಾಲಿಗೆ ಹಿತವಾಗಲಿಲ್ಲ. ಕಾಲಿಗೊಗ್ಗದ ಜೋಡಿಗಿಂತ, ಬಾಲ್ಯದಿಂದ ಪಳಗಿದ ಅಂಗಾಲೇ ಮೇಲೆಂದು ಅವನು ಲೆಕ್ಕ ಹಾಕಿದ. ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಕಾಲಿಗೊಪ್ಪಿದ ಷೂ ತೊಟ್ಟು ಓಡಿದಾಗ ಅವನ ಹೊತ್ತು 2 ಗಂಟೆ 12 ನಿಮಿಷ 11 ಸೆಕೆಂಡು. ಬರಿಗಾಲೇ ಶ್ರೇಷ್ಠವೆಂದಾಗಲಿ ಷೂ ಶ್ರೇಷ್ಠವೆಂದಾಗಲಿ ಬಿಕಿಲನ ಕತೆ ಹೇಳುವುದಿಲ್ಲ. ಒಗ್ಗದ ಜೋಡು ಬೇಡ ಎಂಬಷ್ಟೇ ಅದರ ಸಾರ.

ಅಜ್ಜನ ಕಾಲದ ಏರಿಯ ಮೇಲೆ ಒಡೆದ ಬಾಟಲಿಯ ಗಾಜಿರಲಿಲ್ಲ. ಅಜ್ಜನ ಅಂಗಾಲು ಚಕ್ಕಳದಂತೆ ಗಟ್ಟಿಯಾಗಿತ್ತು. ಶಾಲೆಗೆ ಷೂ ಮೆಟ್ಟಿ ಬೆಳೆದ ಮೊಮ್ಮಗನ ಅಂಗಾಲು ಹಾಗಿಲ್ಲ. ಹೀಗಾಗಿ ಮೂರು ಸಾವಿರದ ಪ್ರಶ್ನೆ ಮತ್ತೆ ಅಂಗಡಿಗೇ ಬಂದು ನಿಲ್ಲುತ್ತದೆ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಷೂವಿನ ಮುಖವನ್ನಲ್ಲ, ಅಟ್ಟೆಯನ್ನು. ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿ 1935ರಲ್ಲಿ ತನ್ನ ಆರು ಮಂದಿ ಸಂಗಾತಿಗಳನ್ನು ಆಲ್ಪ್ಸ್ ಪರ್ವತದಲ್ಲಿ ಕಳೆದುಕೊಂಡ. ಅವರ ಪಾದರಕ್ಷೆಗಳು ಆ ಹಿಮಕ್ಕೆ ತಕ್ಕವಾಗಿರಲಿಲ್ಲವೆಂಬ ಕೊರಗು ಅವನನ್ನು ಕಾಡಿತು. ಎರಡು ವರ್ಷದಲ್ಲಿ ಅವನು ಉಬ್ಬು ಹಲ್ಲುಗಳುಳ್ಳ ರಬ್ಬರಿನ ಅಟ್ಟೆಯನ್ನು ರೂಪಿಸಿದ. ಇಂದಿನ ಟ್ರೇಲ್ ಷೂಗಳ ಅಟ್ಟೆಯಲ್ಲಿ ಕಾಣುವ ಹಲ್ಲುಗಳು ಅದೇ ವಂಶದವು. ಹಲ್ಲು ಎಷ್ಟು ಉದ್ದವಿರಬೇಕೆಂಬುದನ್ನು ನೆಲವೇ ಹೇಳುತ್ತದೆ. ಗಟ್ಟಿ ಮಣ್ಣಿಗೂ ಸಡಿಲ ಕಲ್ಲಿಗೂ ಮೂರು ನಾಲ್ಕು ಮಿಲಿಮೀಟರು ಸಾಕು. ಕೆಸರಿಗೆ ಐದಾರು ಮಿಲಿಮೀಟರು ಬೇಕು. ಹಲ್ಲುಗಳ ನಡುವೆ ಅಂತರವೂ ಬೇಕು, ಇಲ್ಲವಾದರೆ ಜೇಡಿ ಮಣ್ಣು ಮೆತ್ತಿಕೊಂಡು ಅಟ್ಟೆ ನುಣ್ಣಗಾಗುತ್ತದೆ. ಆದರೆ ಉದ್ದ ಹಲ್ಲಿನ ಷೂ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಕಾಲಿಗೂ ಹಿತವಲ್ಲ. ಕೊತ್ತತ್ತಿಯ ಹುಡುಗನಿಗೆ ಎರಡು ಜೊತೆ ಕೊಳ್ಳುವ ಅನುಕೂಲವಿಲ್ಲ. ಏರಿಯ ಮೇಲೂ ಪರೀಕ್ಷೆಯ ಮೈದಾನದಲ್ಲೂ ಒಂದೇ ಜೊತೆ ಸಲ್ಲಬೇಕು. ಅವನಿಗೆ ತಕ್ಕದ್ದು ಗಿಡ್ಡ ಹಲ್ಲಿನದೇ. ಗದ್ದೆಗೆ ನೀರು ಬಿಟ್ಟ ದಿನ ಬದುವಿನ ದಾರಿ ಬಿಟ್ಟು ಏರಿಯ ಮೇಲೆಯೇ ಎರಡು ಸುತ್ತು ಹೆಚ್ಚು ಓಡಿದರೆ ಲೆಕ್ಕ ಸರಿಹೋಗುತ್ತದೆ.

ನೀರು ಒಳಗೆ ಬಾರದ ಷೂ ಎಂದು ವ್ಯಾಪಾರಿ ಹೊಗಳಿದರೆ ಮರುಳಾಗಬಾರದು. ಕೆಳಗಿನಿಂದ ಬಾರದ ನೀರು ಮೇಲಿನ ಬಾಯಿಯಿಂದ ಬಂದೇ ಬರುತ್ತದೆ; ಬಂದ ಮೇಲೆ ಹೊರಗೆ ಹೋಗಲು ದಾರಿ ಕಾಣದೆ ಒಳಗೇ ಉಳಿಯುತ್ತದೆ. ನಾಲೆಯ ಸೀಮೆಗೆ ಗಾಳಿಯಾಡುವ ಜಾಲರಿ ಬಟ್ಟೆಯ ಷೂವೇ ಲೇಸು. ಬೆರಳುಗಳ ಮುಂದೆ ರಬ್ಬರಿನ ತಡೆ ಇದ್ದರೆ ಕಲ್ಲೂ ಕೂಳೆಯೂ ನೇರವಾಗಿ ಬೆರಳಿಗೆ ತಾಕುವುದಿಲ್ಲ.

ಇನ್ನು ಅಳತೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಸಂಸಾರಕ್ಕೆ ಹಿತೋಪದೇಶ. ಜೋಡಿನ ವಿಷಯದಲ್ಲಿ ಅದನ್ನು ತಿರುಗಿಸಿ ಓದಬೇಕು. ಕಾಲು ದಿನವಿಡೀ ದುಡಿದು ಸಂಜೆಗೆ ತುಸು ಊದಿಕೊಳ್ಳುತ್ತದೆ, ಓಡುವಾಗಲೂ ಹಾಗೆಯೇ. ಆದ್ದರಿಂದ ಷೂ ಕೊಳ್ಳಲು ಸಂಜೆಯೇ ಸರಿಯಾದ ಹೊತ್ತು. ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಎರಡು ಪಾದಗಳು ಒಂದೇ ಅಳತೆಯಲ್ಲಿರುವುದು ಕಡಿಮೆ. ದೊಡ್ಡ ಪಾದಕ್ಕೆ ಒಪ್ಪಿದ್ದೇ ಅಳತೆ. ಎದ್ದು ನಿಂತಾಗ ಉದ್ದನೆಯ ಬೆರಳಿಗೂ ಷೂವಿನ ತುದಿಗೂ ನಡುವೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಇಲ್ಲದಿದ್ದರೆ ಏರಿ ಇಳಿಯುವಾಗಲೆಲ್ಲ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮಾತ್ರ ಅಲುಗಬಾರದು. ಅದು ಮೇಲೆ ಕೆಳಗೆ ಆಡಿದರೆ ಬೊಬ್ಬೆ ಏಳುವುದು ಖಂಡಿತ. ಅಂಗಡಿಗೆ ಮೆಟ್ಟಿಲಿದ್ದರೆ ಹತ್ತಿ ಇಳಿದು ನೋಡಲು ಸಂಕೋಚವೇಕೆ? ತಂಗಿಗೆ ಅಣ್ಣನ ಹಳೆಯ ಷೂ ಸಾಕೆನ್ನುವ ಮನೆಗಳಿಗೆ ಒಂದು ಮಾತು: ಹೆಣ್ಣುಮಕ್ಕಳ ಹಿಮ್ಮಡಿ ಸಾಮಾನ್ಯವಾಗಿ ಕಿರಿದು. ಅಣ್ಣನ ಷೂವಿನಲ್ಲಿ ಅವಳ ಕಾಲು ಈಜಾಡುತ್ತದೆ, ಎರಡು ನಿಮಿಷದ ಗಡುವು ಮಾತ್ರ ಅವಳಿಗಾಗಿ ಕಾಯುವುದಿಲ್ಲ.

ಬೆಲೆ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ನಂಬಿಕೆಯೂ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಮೂರು ನಾಲ್ಕು ಜೊತೆ ತೊಟ್ಟು ನೋಡಿ, ಯಾವುದು ಮೊದಲ ಹೆಜ್ಜೆಯಿಂದಲೇ ಹಿತವೆನಿಸುವುದೋ ಅದೇ ಒಳ್ಳೆಯ ಷೂ. ‘ಹಾಕುತ್ತ ಹಾಕುತ್ತ ಸಡಿಲವಾಗುತ್ತೆ’ ಎಂಬ ಸಮಾಧಾನ ಚರ್ಮದ ಚಪ್ಪಲಿಯ ಕಾಲದ್ದು. ಕೊಂಡ ಷೂವನ್ನು ಪರೀಕ್ಷೆಯ ದಿನಕ್ಕೆಂದು ಪೆಟ್ಟಿಗೆಯಲ್ಲಿಡುವುದೂ ತಪ್ಪು. ಹೊಸದು ಕನಿಷ್ಠ ಎರಡು ಮೂರು ವಾರವಾದರೂ ಏರಿಯ ಮಣ್ಣು ಕಂಡಿರಬೇಕು.

ಷೂವಿಗೂ ಆಯುಸ್ಸಿದೆ. ಓಟದ ಷೂ ಸುಮಾರು 500ರಿಂದ 800 ಕಿಲೋಮೀಟರು ಬಾಳುತ್ತದೆಂದು ಲೆಕ್ಕ. ದಿನಕ್ಕೆ ಐದು ಕಿಲೋಮೀಟರಿನಂತೆ ವಾರಕ್ಕೆ ಆರು ದಿನ ಓಡುವವನಿಗೆ ಅದು ನಾಲ್ಕರಿಂದ ಆರು ತಿಂಗಳ ಒಡನಾಟ. ಒದ್ದೆಯಾದಾಗ ಒಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ನೆರಳಿನಲ್ಲಿ ಒಣಗಿಸಿದರೆ ಅಂಟು ಬಿಡದೆ ಉಳಿಯುತ್ತದೆ. ಸುಡುಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಇಡಬಾರದು.

ಷೂ ಕೊಟ್ಟ ಧೈರ್ಯಕ್ಕೂ ಒಂದು ಮಿತಿಯುಂಟು. ಕಬ್ಬಿನ ಗದ್ದೆಯ ಅಂಚಿನಲ್ಲಿ ಇಲಿಗಳಿರುವಲ್ಲಿ ಕೊಳಕುಮಂಡಲವೂ ಇರುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತರೆಂದು ಅಧ್ಯಯನವೊಂದು ಅಂದಾಜು ಮಾಡಿದೆ. ಷೂ ಅಂಗಾಲನ್ನು ಕಾಯುತ್ತದೆ, ಕಣಕಾಲನ್ನಲ್ಲ. ನಸುಕಿನಲ್ಲಿ ಓಡುವವನ ಕೈಯಲ್ಲಿ ಟಾರ್ಚು ಇರಲೇಬೇಕು. ಬೆಳಕು ಹರಿದ ಮೇಲೆ ಹೊರಟರೆ ಇನ್ನೂ ಲೇಸು.

ಇಷ್ಟೆಲ್ಲದರ ನಡುವೆ ಒಬ್ಬ ಪಂಡಿತನನ್ನು ಮರೆಯುವಂತಿಲ್ಲ. ಅವನು ಪೇಟೆಯ ಮರದ ನೆರಳಿನಲ್ಲಿ ಉಳಿ ದಾರ ಹಿಡಿದು ಕುಳಿತಿರುತ್ತಾನೆ. ಶರಣ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕತೆ ಕೇಳಿ ಬೆಳೆದ ನಾಡಿನಲ್ಲಿ, ಒಬ್ಬರ ಕಾಲಿಗೆಂದೇ ಜೋಡು ಹೊಲಿಯುವ ಕುಶಲಿಗಳು ವಿರಳವಾಗುತ್ತಿದ್ದಾರೆ. ಆದರೂ ಹಳೆಯ ಷೂ ತೋರಿಸಿದರೆ ಸಾಕು, ಅವನು ಅಟ್ಟೆಯನ್ನು ಪುಸ್ತಕದಂತೆ ಓದುತ್ತಾನೆ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿದ್ದರೆ ಚಿಂತೆಯಿಲ್ಲ. ಒಂದು ಕಾಲಿನದು ಮಾತ್ರ ಹೆಚ್ಚು ಸವೆದಿದ್ದರೆ, ಇಲ್ಲವೆ ಒಳ ಅಂಚು ಪೂರ್ತಿ ಕರಗಿದ್ದರೆ ಓಟದಲ್ಲಿ ಏನೋ ಓರೆಯಿದೆ. ನೋವೂ ಇದ್ದರೆ ವೈದ್ಯರಿಗೆ ಕಾಲು ತೋರಿಸುವುದೇ ಸರಿ. ಹೊಸದನ್ನು ಕೊಳ್ಳುವ ಮುನ್ನ ಆ ಹಳೆಯ ಜೋಡನ್ನು ಮಗುಚಿ ನೋಡುವ ತಂದೆಗೆ ಮಗನ ಆರು ತಿಂಗಳ ದುಡಿಮೆ ಅಲ್ಲಿಯೇ ಕಾಣುತ್ತದೆ. ಅದನ್ನು ಕಂಡವನು ಆಮೇಲೆ ಅಂಗಡಿಯಲ್ಲಿ ಬಣ್ಣದ ಮಾತೆತ್ತುವುದಿಲ್ಲ. ಮಗನನ್ನು ಕೂರಿಸಿ, ಎರಡು ಕಾಲಿಗೂ ತೊಡಿಸಿ, ‘ಬೆರಳು ತಾಕ್ತದೇನ್ಲಾ?’ ಎಂದು ಮೊದಲು ಕೇಳುತ್ತಾನೆ.