ಉತ್ತರ ಕೊಡದ ಇಸಿಎಂ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಮಾಂಟೆರೇ ರಸ್ತೆ, ಬೆಳಗಿನ ಎಂಟೂವರೆ. ಪಕ್ಕದ ಹಳಿಯ ಮೇಲೆ ರೈಲು ಹಾದುಹೋದಾಗಲೆಲ್ಲ ಗ್ಯಾರೇಜಿನ ರೋಲಿಂಗ್ ಶಟರ್ ಸಣ್ಣಗೆ ಅದುರುತ್ತದೆ. ನೀವು ನಿಂತಿರುವುದು ಬಾನೆಟ್ ಎತ್ತಿಟ್ಟ ಒಂದು ಬೂದು ಬಣ್ಣದ ಸೆಡಾನ್ ಎದುರು. ಹತ್ತು ವರ್ಷ ಓಡಿದ ಗಾಡಿ. ಅರ್ಧ ಗಂಟೆ ಹಿಂದೆ ಟೋ ಟ್ರಕ್ಕಿನಿಂದ ಇಳಿದಿದೆ. ಅದರ ಒಡತಿ ಮೈಸೂರಿನವರು, ಮನೆ ಎವರ್‌ಗ್ರೀನ್ ಕಡೆ, ಕೆಲಸ ಸಾಫ್ಟ್‌ವೇರ್. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ಚಿಂತೆ.

"ಅಂಕಲ್, ಇನ್ನೊಂದು ಕಡೆ ತೋರಿಸಿದ್ದೆ. ಇಸಿಎಂ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು. ಪ್ರೋಗ್ರಾಮಿಂಗ್ ಸೇರಿ ಸಾವಿರದ ಎಂಟುನೂರು ಡಾಲರ್ ಅಂತೆ."

"ಹೋಗಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತಂತೆ?"

"ಸ್ಕ್ಯಾನರ್ ಹಾಕಿದ್ರೆ ಉತ್ತರಾನೇ ಕೊಡ್ತಿಲ್ಲ ಅಂದ್ರು."

"ಕರೆದಾಗ ಓಗೊಡದವರೆಲ್ಲ ಸತ್ತೇ ಹೋಗಿರ್ತಾರೇನಮ್ಮ?"

ಹೀಗೆ ಕೇಳಿದ ಮೆಕ್ಯಾನಿಕ್ ತುಮಕೂರು ಕಡೆಯವರು. ಬೆಂಗಳೂರಿನ ಜೆ.ಸಿ. ರಸ್ತೆಯ ಓಣಿಯೊಂದರಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ಕೈ ಪಳಗಿಸಿಕೊಂಡವರು. ಮೇಜಿನ ಮೇಲೆ ಲ್ಯಾಪ್‌ಟಾಪ್, ಸ್ಕ್ಯಾನರ್, ಆಸಿಲೋಸ್ಕೋಪ್ ಎಲ್ಲ ಇವೆ. ಅವರು ಮೊದಲು ಕೈಗೆತ್ತಿಕೊಳ್ಳುವುದು ಮಾತ್ರ ಹಳದಿ ಕವಚದ ಮಲ್ಟಿಮೀಟರನ್ನು.

"ಕೀ ಆನ್ ಮಾಡಿ ಬಿಡಮ್ಮ. ಸೆಲ್ಫ್ ಹೊಡೀಬೇಡ."

ಡ್ಯಾಶ್‌ಬೋರ್ಡ್ ಕಡೆ ಬಗ್ಗಿ ನೋಡಿ. ಬ್ಯಾಟರಿ ದೀಪ ಹೊತ್ತಿದೆ, ಏರ್‌ಬ್ಯಾಗ್ ದೀಪ ಹೊತ್ತಿದೆ, ಎಬಿಎಸ್ ದೀಪವೂ ಹೊತ್ತಿದೆ. ಎಂಜಿನ್ ಚಿತ್ರದ ಹಳದಿ ದೀಪ ಮಾತ್ರ ಕಾಣುವುದಿಲ್ಲ. ಸರಿಯಿರುವ ಗಾಡಿಯಲ್ಲಿ ಕೀ ಆನ್ ಆದ ಕೂಡಲೇ ಆ ದೀಪ ಹೊತ್ತಲೇಬೇಕು. ಅದು ಹೊತ್ತಿಲ್ಲವೆಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಇಸಿಎಂ, ಎಚ್ಚರವಾಗಿಲ್ಲ. ಈಗ ಸೆಲ್ಫ್ ಹೊಡೆಯಲು ಹೇಳುತ್ತಾರೆ. ಎಂಜಿನ್ ಗಿರಗಿರ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮೀಟರಿನಲ್ಲಿ ಬ್ಯಾಟರಿ ಸುಮ್ಮನಿದ್ದಾಗ 12.5 ವೋಲ್ಟ್, ಸೆಲ್ಫ್ ತಿರುಗುವಾಗ 10.4. ಬ್ಯಾಟರಿಯ ಮೇಲೆ ಅನುಮಾನ ಬೇಡ.

ಸ್ಟೀರಿಂಗ್ ಕೆಳಗೆ, ಮೊಣಕಾಲು ತಾಗುವ ಜಾಗದಲ್ಲಿ, ಹದಿನಾರು ಪಿನ್ನಿನ ಕಪ್ಲರ್ ಇದೆ. 1996ರ ಮಾಡೆಲಿನಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಪ್ರತಿ ಕಾರಿನಲ್ಲೂ ಇರಲೇಬೇಕಾದ ಒಬಿಡಿ-2 ಪೋರ್ಟ್ ಇದು. ಸ್ಕ್ಯಾನರ್ ಸಿಕ್ಕಿಸುತ್ತಾರೆ. ಎಂಜಿನ್: ಉತ್ತರವಿಲ್ಲ. ಎಬಿಎಸ್: ಉತ್ತರ ಬಂತು, ಜೊತೆಗೊಂದು ಕೋಡ್, ಯು0100. ಇಸಿಎಂ ಜೊತೆ ಸಂಪರ್ಕ ಕಡಿದಿದೆ ಎಂದು ಎಬಿಎಸ್ ದೂರು ಬರೆದಿಟ್ಟಿದೆ. ಹಿಂದಿನ ಗ್ಯಾರೇಜಿನವರು ಇಷ್ಟನ್ನು ನೋಡಿ ಎಸ್ಟಿಮೇಟ್ ಬರೆದಿರಬೇಕು.

ಇಲ್ಲಿ ಹಾಗಾಗುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಪೋರ್ಟಿನ 6 ಮತ್ತು 14ನೇ ಪಿನ್ ನಡುವೆ ಮೀಟರ್ ಇಡುತ್ತಾರೆ. ಆ ಎರಡು ತಂತಿಗಳೇ ಕ್ಯಾನ್ ಬಸ್. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಹೆಸರಿನಲ್ಲಿ ಬೇರುಬಿಟ್ಟ ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ಕೊಟ್ಟ ವ್ಯವಸ್ಥೆ ಅದು. ಕಾರಿನ ಮಾಡ್ಯೂಲ್‌ಗಳೆಲ್ಲ ಹೆಣೆದ ಆ ಜೋಡಿ ತಂತಿಯ ಮೇಲೇ ಪರಸ್ಪರ ಮಾತಾಡುತ್ತವೆ. ಎರಡು ತುದಿಯಲ್ಲಿ ತಲಾ 120 ಓಮ್‌ನ ರೆಸಿಸ್ಟರ್. ಎರಡೂ ಸರಿಯಿದ್ದರೆ ಮೀಟರ್ 60 ತೋರಿಸಬೇಕು.

ಮೀಟರಿನ ಪರದೆ ನೋಡಿ: 60.3.

"ಈ ಗಾಡೀಲಿ ಒಂದು ರೆಸಿಸ್ಟರ್ ಇಸಿಎಂ ಒಳಗೇ ಇದೆ. 60 ಬಂತು ಅಂದ್ರೆ ಇಲ್ಲಿಂದ ಅಲ್ಲೀವರೆಗೆ ತಂತಿ ತುಂಡಾಗಿಲ್ಲ. ದಾರಿ ಸರಿ ಇದೆ, ಅದು ಯಾಕೆ ಮಾತಾಡ್ತಿಲ್ಲ ಅಂತ ನೋಡೋಣ."

ಇಸಿಎಂ ಇರುವುದು ಬ್ಯಾಟರಿಯ ಪಕ್ಕ. ಅಂಗೈ ಅಗಲದ ಅಲ್ಯೂಮಿನಿಯಂ ಪೆಟ್ಟಿಗೆ, ಎರಡು ದಪ್ಪ ಕಪ್ಲರ್, ಅವುಗಳಿಂದ ಹೊರಟ ನೂರಕ್ಕೂ ಮಿಕ್ಕಿದ ತಂತಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸಿಗುವುದು 20 ಮಿಲಿಸೆಕೆಂಡ್. ನಾಲ್ಕು ಸಿಲಿಂಡರಿನಲ್ಲಿ ಸೆಕೆಂಡಿಗೆ ನೂರು ಸಲ ಕಿಡಿ ಹಾರಬೇಕು. ಪ್ರತಿ ಸಲವೂ ಎಷ್ಟು ಪೆಟ್ರೋಲ್, ಯಾವ ಕ್ಷಣಕ್ಕೆ ಕಿಡಿ ಎಂದು ತೀರ್ಮಾನಿಸುವುದು ಈ ಪೆಟ್ಟಿಗೆ.

ಕಾರುಗಳಿಗೆ ಇದು ಬಂದದ್ದು ಹೊಗೆಯ ಕಾಟದಿಂದ. ಲಾಸ್ ಏಂಜಲೀಸ್ ಮೇಲೆ ಕವಿಯುತ್ತಿದ್ದ ಕಂದು ಮಬ್ಬಿಗೆ ವಾಹನಗಳ ಹೊಗೆಯೂ ಕಾರಣ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಕ್ಯಾಲ್‌ಟೆಕ್‌ನ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್. 1967ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಹುಟ್ಟಿತು. ಅದು ಬಿಗಿ ಮಾಡುತ್ತಾ ಹೋದ ಮಿತಿಗಳನ್ನು ಹಳೆಯ ಕಾರ್ಬುರೇಟರ್ ಮುಟ್ಟಲಾರದಾಯಿತು, ಆ ಲೆಕ್ಕಾಚಾರ ಚಿಪ್ಪಿನ ಪಾಲಾಯಿತು. 1983ರ ಫೋರ್ಡ್ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುತ್ತಿದ್ದ ಇಇಸಿ-4 ಪೆಟ್ಟಿಗೆಯೊಳಗಿದ್ದ 8061 ಚಿಪ್ ಇಂಟೆಲ್‌ನದು. ಆ ಕಂಪನಿಯ ಕೇಂದ್ರ ಕಚೇರಿ ಈ ಗ್ಯಾರೇಜಿನಿಂದ ಅರ್ಧ ಗಂಟೆಯ ದಾರಿಯಲ್ಲಿ, ಸಾಂಟಾ ಕ್ಲಾರಾದಲ್ಲಿದೆ.

ಅಂಕಲ್ ಈಗ ಕಪ್ಲರ್ ಬಿಚ್ಚಿದ್ದಾರೆ. ವೈರಿಂಗ್ ನಕ್ಷೆಯ ಪ್ರಿಂಟ್ ಬಾನೆಟ್ಟಿಗೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದಾರೆ. ಪವರ್ ಬರುವ ಪಿನ್ನುಗಳಿಗೆ ಹಸಿರು, ಗ್ರೌಂಡಿಗೆ ಕಪ್ಪು ಗುರುತು. ಇಸಿಎಂಗೆ ಪವರ್ ಹಾಯಿಸುವ ಮೇನ್ ರಿಲೇ ಕಿತ್ತು, ಆ ಜಾಗದಲ್ಲಿ ನಡುವೆ ಫ್ಯೂಸ್ ಇರುವ ತುಂಡು ವೈರ್ ಕೊಟ್ಟು, ಬ್ಯಾಟರಿ ಮತ್ತೆ ಜೋಡಿಸುತ್ತಾರೆ. ಮೀಟರಿನ ಮೊನೆಯನ್ನು ಪಿನ್ನಿನ ರಂಧ್ರಕ್ಕೆ ತುರುಕುವುದಿಲ್ಲ. ತುರುಕಿದರೆ ಒಳಗಿನ ಹಿಡಿತ ಸಡಿಲವಾಗಿ ನಾಳೆ ಹೊಸ ತೊಂದರೆ ಶುರುವಾಗುತ್ತದೆ. ಅದೇ ಅಳತೆಯ ಪಿನ್ ಬೆಸೆದಿಟ್ಟುಕೊಂಡ ತಂತಿಯನ್ನು ಮೆಲ್ಲಗೆ ತೂರಿಸುತ್ತಾರೆ.

"12.4 ಬಂತಲ್ಲ ಅಂಕಲ್! ಪವರ್ ಇದೆ."

"ಇದನ್ನ ನಂಬಿ ಕೆಟ್ಟವರು ಬಹಳ ಜನ. ನಲ್ಲೀಲಿ ಪ್ರೆಶರ್ ಇದೆ ಅನ್ಸುತ್ತೆ, ಬಿಂದಿಗೆ ಇಟ್ರೆ ತುಂಬಲ್ಲ. ತಂತಿ ತುಕ್ಕು ಹಿಡಿದು ಒಂದೇ ಎಳೆ ಉಳಿದಿದ್ರೂ ಮೀಟರ್ 12 ತೋರಿಸುತ್ತೆ. ಕೆಲಸ ಕೊಟ್ಟು ನೋಡ್ಬೇಕು."

ಕೆಲಸ ಕೊಡಲು ಒಂದು ಹೆಡ್‌ಲೈಟ್ ಬಲ್ಬ್, 55 ವ್ಯಾಟಿನದು. ಇಸಿಎಂ ಕಪ್ಲರಿನ ಪವರ್ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ನಡುವೆ ಅದನ್ನು ಜೋಡಿಸುತ್ತಾರೆ. ಬಲ್ಬ್ ಕಣ್ಣು ಕುಕ್ಕುವಂತೆ ಉರಿಯುತ್ತದೆ. ನಾಲ್ಕೂವರೆ ಆಂಪಿಯರ್ ಹರಿಯುತ್ತಿರುವಾಗಲೇ ಗ್ರೌಂಡ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ಅಳೆಯುತ್ತಾರೆ: 0.04. ಇದು 0.1 ದಾಟಿದ್ದರೆ ಗ್ರೌಂಡಿನ ಬೋಲ್ಟ್ ಹುಡುಕಬೇಕಿತ್ತು. ದಾಟಿಲ್ಲ.

ಪವರ್ ಸರಿ, ಗ್ರೌಂಡ್ ಸರಿ, ಕ್ಯಾನ್ ತಂತಿ ಸರಿ. ಆದರೂ ಪೆಟ್ಟಿಗೆ ಏಳುವುದಿಲ್ಲ. ಹಾಗಾದರೆ ಇಸಿಎಂ ಹೋಗಿದ್ದೇ ನಿಜವೇ? ಒಡತಿಯ ಕಣ್ಣಲ್ಲೂ ಇದೇ ಪ್ರಶ್ನೆ.

ಇನ್ನೊಂದು ಬಾಗಿಲು ಉಳಿದಿದೆ. ಇಸಿಎಂ ತನ್ನ ಸೆನ್ಸರ್‌ಗಳಿಗೆ ತಾನೇ 5 ವೋಲ್ಟ್ ತಯಾರಿಸಿ ಕೊಡುತ್ತದೆ. ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಎಸಿ ಪ್ರೆಶರ್ ಸೆನ್ಸರ್, ಪೆಟ್ರೋಲ್ ಟ್ಯಾಂಕಿನ ಪ್ರೆಶರ್ ಸೆನ್ಸರ್, ಇವಕ್ಕೆಲ್ಲ ಮೂರು ಮೂರು ತಂತಿ: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಆ 5 ವೋಲ್ಟಿನ ತಂತಿ ಎಲ್ಲಾದರೂ ಗ್ರೌಂಡಿಗೆ ತಾಗಿದರೆ ಪೆಟ್ಟಿಗೆಯೊಳಗಿನ ರೆಗ್ಯುಲೇಟರ್ ಕುಸಿಯುತ್ತದೆ. ಕೆಲವು ಕಾರುಗಳಲ್ಲಿ ಅದರ ಜೊತೆ ಪ್ರೊಸೆಸರೂ ಮಲಗುತ್ತದೆ.

ಇಸಿಎಂ ಕಪ್ಲರ್ ಮತ್ತೆ ಕೂಡಿಸಿ, ರಿಲೇ ವಾಪಸ್ ಹಾಕಿ, ಕೀ ಆನ್. ಮ್ಯಾಪ್ ಸೆನ್ಸರಿನ ಕಪ್ಲರ್ ಬಿಚ್ಚಿ ಮೀಟರ್ ಹಿಡಿಯುತ್ತಾರೆ. 5.00 ಇರಬೇಕಾದಲ್ಲಿ 0.12.

"ಸಿಕ್ತು ನೋಡಮ್ಮ ಬಾಲ. ಇನ್ನು ತಲೆ ಹುಡುಕೋದು."

ಒಳಗೆ ಸುಟ್ಟ ಸೆನ್ಸರೇ ತಂತಿಯನ್ನು ಎಳೆದು ಕೆಡವುವುದುಂಟು. ಅದಕ್ಕೇ ಒಂದೊಂದಾಗಿ ಬಿಚ್ಚುತ್ತಾ ಹೋಗುತ್ತಾರೆ. ಮ್ಯಾಪ್ ಬಿಚ್ಚಿದೆ, 0.12. ಎಸಿ ಸೆನ್ಸರ್ ಬಿಚ್ಚಿದರೂ 0.12. ಹಿಂದಿನ ಸೀಟ್ ಎತ್ತಿ ಟ್ಯಾಂಕಿನ ಸೆನ್ಸರ್ ಬಿಡಿಸಿದರೂ ಅಷ್ಟೇ. ಸೆನ್ಸರ್‌ಗಳದ್ದು ತಪ್ಪಿಲ್ಲ, ತಂತಿಯದ್ದೇ. ಬ್ಯಾಟರಿ ಕಳಚಿ, ಇಸಿಎಂ ಕಪ್ಲರ್ ಮತ್ತೆ ಬಿಚ್ಚಿ, ಆ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಓಮ್ ಅಳೆಯುತ್ತಾರೆ. ಎರಡೂ ತುದಿ ಬಿಚ್ಚಿದ ತಂತಿ ಯಾವುದಕ್ಕೂ ತಾಗಿರಬಾರದು. ಮೀಟರ್ ಹೇಳುತ್ತದೆ: 1.8 ಓಮ್.

"ನೀನು ಮೀಟರ್ ನೋಡ್ತಾ ಇರಮ್ಮ. ಅಂಕಿ ಹಾರಿದ್ರೆ ಕೂಗು."

ಅವರು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾರೆ. ರೇಡಿಯೇಟರ್ ಮುಂದೆ ಏನಿಲ್ಲ. ಫ್ಯೂಸ್ ಬಾಕ್ಸ್ ಪಕ್ಕ ಏನಿಲ್ಲ. ಕೈ ಎಂಜಿನ್ನಿನ ಹಿಂಭಾಗಕ್ಕೆ, ಇಂಟೇಕ್ ಮ್ಯಾನಿಫೋಲ್ಡಿನ ಅಡಿಗೆ ಇಳಿಯುತ್ತದೆ.

"ಹೋಯ್ತು! ಮತ್ತೆ ಬಂತು! ಮತ್ತೆ ಹೋಯ್ತು ಅಂಕಲ್!"

ಮ್ಯಾನಿಫೋಲ್ಡಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಡುತ್ತಾರೆ. ನೀವೂ ಬಗ್ಗಿ ನೋಡಿ. ಒಣಗಿದ ನಿಂಬೆ ಸಿಪ್ಪೆ, ಬಾನೆಟ್ಟಿನ ಒಳಪದರದಿಂದ ಕಿತ್ತ ಹತ್ತಿಯಂಥ ನಾರು, ಕರೀ ಹಿಕ್ಕೆ. ವೈರಿಂಗ್ ಕಟ್ಟಿನ ಕೊಳವೆ ಎರಡು ಇಂಚು ಮಾಯ. ಐದಾರು ತಂತಿಗಳ ಮೇಲೆ ಹಲ್ಲಿನ ಸಾಲು ಸಾಲು ಗುರುತು. ಒಂದರ ಮೇಲುಹೊದಿಕೆ ಪೂರ್ತಿ ಹೋಗಿ, ತಾಮ್ರದ ಎಳೆ ಪಕ್ಕದ ಕಬ್ಬಿಣದ ಬ್ರ್ಯಾಕೆಟ್ಟಿಗೆ ಒರಗಿದೆ. ಅದೇ 5 ವೋಲ್ಟಿನ ತಂತಿ.

"ಗಾಡಿ ಎಲ್ಲಿ ನಿಲ್ಲಿಸ್ತೀಯಮ್ಮ?"

"ಮನೆ ಪಕ್ಕ, ನಿಂಬೆ ಗಿಡದ ಕೆಳಗೆ. ಮನೆಯಿಂದಲೇ ಕೆಲಸ ಅಲ್ವಾ, ವಾರಕ್ಕೆ ಒಂದೋ ಎರಡೋ ದಿನ ತೆಗೆಯೋದು."

ಸಾಂಟಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಹಣ್ಣಿನ ತೋಟಗಳ ಸೀಮೆ. ತೋಟ ಹೋಗಿ ಕಚೇರಿಗಳು ಬಂದರೂ ಹಿತ್ತಿಲಲ್ಲಿ ನಿಂಬೆ, ಕಿತ್ತಳೆ ಉಳಿದಿವೆ, ಅವನ್ನು ತಿನ್ನುವ ಕರಿ ಇಲಿಗಳೂ ಉಳಿದಿವೆ. ನಿಂತ ಕಾರಿನ ಬೆಚ್ಚಗಿನ ಎಂಜಿನ್ ಅವಕ್ಕೆ ಚಳಿಗಾಲದ ಮನೆ.

ಕೈಗವಸು, ಮಾಸ್ಕ್ ಬಂದವು. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸುವುದಿಲ್ಲ. ಸೋಂಕುನಾಶಕ ಸಿಂಪಡಿಸಿ, ನೆನೆಸಿ, ಒರೆಸಿ ತೆಗೆಯುತ್ತಾರೆ. ಕಚ್ಚಿಸಿಕೊಂಡ ತಂತಿಗಳನ್ನೆಲ್ಲ ಒಂದೇ ನೇರದಲ್ಲಿ ಕತ್ತರಿಸದೆ ಹಿಂದೆ ಮುಂದೆ ಕತ್ತರಿಸುತ್ತಾರೆ. ಜೋಡಣೆಗಳು ಒಂದೇ ಕಡೆ ಗಂಟಾಗಬಾರದು. ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಮೊದಲೇ ತೂರಿಸಿಟ್ಟು, ಬೆಸುಗೆ ಹಾಕಿ, ಕೊಳವೆಯನ್ನು ಬೆಸುಗೆಯ ಮೇಲೆ ಸರಿಸಿ ಬಿಸಿ ಗಾಳಿ ಹಿಡಿಯುತ್ತಾರೆ. ಕೊಳವೆ ತಂತಿಯ ಮೈಗೆ ಅಪ್ಪಿಕೊಂಡು, ಅಂಚಿನಲ್ಲಿ ಅಂಟು ಸಾಸಿವೆ ಕಾಳಿನಷ್ಟು ಉಬ್ಬಿ ಬರುತ್ತದೆ. ನೀರು ಒಳಗೆ ಹೋಗುವುದಿಲ್ಲ ಎಂಬುದಕ್ಕೆ ಅದೇ ಗುರುತು. ಕೊನೆಗೊಂದು ಬೂದು ಟೇಪ್ ಸುತ್ತುತ್ತಾರೆ. ಇಲಿ ಕಾಟಕ್ಕೆಂದೇ ಹೋಂಡಾ ಮಾರುವ ಟೇಪ್ ಅದು, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಸೇರಿಸಿದ್ದು.

"ಬ್ಯಾಡಗಿ ಮೆಣಸಿನಕಾಯಿದಾ ಅಂಕಲ್?"

"ಬ್ಯಾಡಗಿ ಬರೀ ಬಣ್ಣಕ್ಕಾಯ್ತು. ಈ ಇಲಿಗಳಿಗೆ ಗುಂಟೂರೇ ಬೇಕು."

ಎಲ್ಲ ಕಪ್ಲರ್ ಕೂಡಿಸಿ ಬ್ಯಾಟರಿ ಜೋಡಿಸಿದ್ದಾಯಿತು. ಕೀ ಆನ್. ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಸೆಲ್ಫ್ ಹೊಡೆದ ಅರೆಗಳಿಗೆಗೆ ಗಾಡಿ ಸ್ಟಾರ್ಟ್. ಸ್ಕ್ಯಾನರಿಗೂ ಈಗ ಇಸಿಎಂ ಉತ್ತರ ಕೊಡುತ್ತಿದೆ. ಅದು ಕಣ್ಣು ಮುಚ್ಚುವ ಮುಂಚೆ ಬರೆದಿಟ್ಟ ಕೋಡ್ ಪರದೆಯ ಮೇಲಿದೆ: ಪಿ0642, ಸೆನ್ಸರ್ ರೆಫರೆನ್ಸ್ ವೋಲ್ಟೇಜ್ ಕಡಿಮೆ. ರೋಗದ ಹೆಸರು ಪೆಟ್ಟಿಗೆಗೆ ಮೊದಲೇ ಗೊತ್ತಿತ್ತು, ಹೇಳಲು ಶಕ್ತಿಯಿರಲಿಲ್ಲ.

"ಇವತ್ತೇ ಸ್ಮಾಗ್ ಚೆಕ್‌ಗೆ ಹೋಗ್ಬೇಡ. ಬ್ಯಾಟರಿ ತೆಗೆದಿದೀವಿ, ಗಾಡಿ ತನ್ನನ್ನೇ ಪರೀಕ್ಷೆ ಮಾಡ್ಕೊಂಡ ಮಾನಿಟರ್‌ಗಳ ಫಲಿತಾಂಶ ಎಲ್ಲ ಅಳಿಸಿ ಹೋಗಿರುತ್ತೆ. ಒಂದು ವಾರ ಊರೊಳಗೆ, ಹೈವೇ ಮೇಲೆ ಓಡಿಸು. ಆಮೇಲೆ ಹೋಗು."

ಮಾತು ಸರಿಯಾದದ್ದೇ. 2000ದಿಂದ ಈಚಿನ ಪೆಟ್ರೋಲ್ ಕಾರುಗಳಿಗೆ ಕ್ಯಾಲಿಫೋರ್ನಿಯಾದ ಈ ಹೊಗೆ ಪರೀಕ್ಷೆ ನಡೆಯುವುದು ಮುಖ್ಯವಾಗಿ ಒಬಿಡಿ-2 ಪೋರ್ಟಿನ ಮೂಲಕ. 2019ರ ಜುಲೈಯಿಂದ ಪರ್ಮನೆಂಟ್ ಕೋಡ್‌ಗಳನ್ನೂ ನೋಡುತ್ತಾರೆ. ಅವನ್ನು ಸ್ಕ್ಯಾನರಿನಿಂದ ಅಳಿಸಲಾಗದು, ದೋಷ ನಿಜವಾಗಿ ಹೋಗಿದೆ ಎಂದು ಗಾಡಿ ಓಡಿಯೇ ಸಾಬೀತು ಮಾಡಬೇಕು.

ಬಿಲ್ಲಿನಲ್ಲಿ ಇರುವುದು ಕೆಲವು ಗಂಟೆಗಳ ಕೂಲಿ, ತುಸು ತಂತಿ, ಟೇಪ್. ಹೊಸ ಇಸಿಎಂ ತರಿಸಿದ್ದರೆ ಅದಕ್ಕೆ ಗಾಡಿಯ ಚಾಸಿ ನಂಬರ್ ಬರೆದು, ಕೀಗಳನ್ನು ಗುರುತಿಸಲು ಕಲಿಸಿ, ಸಾಫ್ಟ್‌ವೇರ್ ತುಂಬಿಸಬೇಕಿತ್ತು. ಅಷ್ಟೆಲ್ಲ ಆದ ಮೇಲೂ ಅದೇ ತಂತಿ ಅದೇ ಬ್ರ್ಯಾಕೆಟ್ಟಿಗೆ ತಾಗಿಕೊಂಡು, ಹೊಸ ಪೆಟ್ಟಿಗೆಯೂ ಮಲಗುತ್ತಿತ್ತು.

ಇಸಿಎಂ ಕೆಡುವುದೇ ಇಲ್ಲ ಎಂದಲ್ಲ. ನೀರು ನುಗ್ಗಿದರೆ, ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ, ಶಾರ್ಟ್ ಆದ ಕಾಯಿಲ್ ಇಸಿಎಂ ಒಳಗಿನ ಡ್ರೈವರ್ ಸರ್ಕ್ಯೂಟನ್ನು ಸುಟ್ಟರೆ ಕೆಡುತ್ತದೆ. ಆದರೆ ಆ ತೀರ್ಪು ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ, ಪವರ್, ಗ್ರೌಂಡ್, 5 ವೋಲ್ಟ್, ಕ್ಯಾನ್ ನಾಲ್ಕೂ ಸರಿಯಿವೆ ಎಂದು ಅಳೆದ ಮೇಲೆ.

ನಿಮಗೂ ಇಂಥ ಎಸ್ಟಿಮೇಟ್ ಬಂದರೆ ಮೊದಲು ಗಾಡಿಯ ವಯಸ್ಸು ನೋಡಿ. ಅಮೆರಿಕದ ಫೆಡರಲ್ ಎಮಿಷನ್ ವಾರಂಟಿ ಪ್ರಕಾರ ಕಾರಿನ ಇಸಿಎಂಗೆ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ರಕ್ಷಣೆ ಇದೆ. ಒಳಗಿನ ದೋಷದಿಂದ ಕೆಟ್ಟಿದ್ದರೆ ನೀವು ದುಡ್ಡು ಕೊಡಬೇಕಿಲ್ಲ. ಆ ಅವಧಿ ದಾಟಿದ್ದರೆ ಎಸ್ಟಿಮೇಟನ್ನು ಬರಹದಲ್ಲಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಅದು ನಿಮ್ಮ ಹಕ್ಕು. ತೆಗೆದ ಹಳೆಯ ಭಾಗ ವಾಪಸ್ ಬೇಕೆಂದು ಕೆಲಸ ಒಪ್ಪಿಸುವಾಗಲೇ ಹೇಳಿ. "ಲೋಡ್ ಕೊಟ್ಟು ಪವರ್, ಗ್ರೌಂಡ್ ಅಳೆದಿರಾ? 5 ವೋಲ್ಟ್ ಎಷ್ಟಿತ್ತು?" ಎಂದು ಕೇಳುವುದನ್ನೂ ಮರೆಯಬೇಡಿ. ಅಂಕಿ ಹೇಳುವವರ ಕೈಗೆ ಗಾಡಿ ಕೊಡಿ. ಹೇಳಲಾಗದವರ ಹತ್ತಿರ ಕೀ ವಾಪಸ್ ಇಸಿದುಕೊಳ್ಳಿ.