ತಳ್ಳುವ ಲೆಕ್ಕ, ಒಪ್ಪುವ ಲೆಕ್ಕ

ಜನವರಿ 11, ಭಾನುವಾರ

ರಾತ್ರಿ ಗೆಳೆಯರೊಂದಿಗೆ ಪೋಕರ್. ಹಣವಿಲ್ಲ, ಬರೀ ಪ್ಲಾಸ್ಟಿಕ್ ಬಿಲ್ಲೆ. ನನ್ನ ಕೈಯಲ್ಲಿ ಆಟೀನಿನ ಎಕ್ಕ ಮತ್ತು ಒಂಬತ್ತು. ಮೇಜಿನ ಮೇಲೆ ಬಿದ್ದ ಮೂರು ಎಲೆಗಳಲ್ಲಿ ಎರಡು ಆಟೀನು. ಇನ್ನೊಂದು ಬಿದ್ದರೆ ಐದೂ ಆಟೀನು, ಅಂದರೆ ಫ್ಲಶ್. ನಡುವೆ 600 ಬಿಲ್ಲೆ. ಎದುರಿನವನು ತನ್ನಲ್ಲಿ ಉಳಿದ 400ನ್ನೂ ತಳ್ಳಿ ‘ಆಲ್-ಇನ್’ ಎಂದ. ನಾನೂ 400 ಹಾಕಿದರೆ ಒಟ್ಟು 1,400. ನೂರಕ್ಕೆ 29 ಸಲ ಗೆದ್ದರೆ ಸಾಕು, ನಷ್ಟವಿಲ್ಲ. ಕಾಣದ ಎಲೆ 47, ಅದರಲ್ಲಿ ಆಟೀನು 9. ಬರಬೇಕಾದ ಎರಡು ಎಲೆಗಳಲ್ಲಿ ಒಂದಾದರೂ ಆಟೀನಾಗುವ ಸಂಭವ ಶೇ. 35. ಒಪ್ಪಿದೆ. ಬೀಳಲಿಲ್ಲ. ಆದರೂ ನಿರ್ಧಾರ ಸರಿಯೇ. ಒಂದೇ ಎಲೆ ಬಾಕಿಯಿದ್ದಿದ್ದರೆ ಸಂಭವ 46ಕ್ಕೆ 9, ಶೇ. 20ರ ಆಸುಪಾಸು. ಆಗ ಅದೇ ಬೆಲೆಗೆ ಒಪ್ಪುವಂತಿರಲಿಲ್ಲ.

ಜನವರಿ 12, ಸೋಮವಾರ

ಆಫೀಸಿನ ಬಸ್ಸಿನಲ್ಲೂ ಅದೇ ಲೆಕ್ಕ. ಆ ಶೇ. 20ರ ಕೈಯಲ್ಲಿ ನಾನೇ ಮೊದಲು 400 ತಳ್ಳಿದರೆ? ಅವನು ಒಪ್ಪಿದರೆ ಐದರಲ್ಲಿ ಒಂದು ಸಲ 1,000 ಲಾಭ, ನಾಲ್ಕು ಸಲ 400 ನಷ್ಟ. ಸರಾಸರಿ ಸಲಕ್ಕೆ 120 ಹೋಗುತ್ತದೆ. ಅವನು ಎಲೆ ಎಸೆದರೆ ಮಾತ್ರ ನಡುವಿನ 600 ಪೂರ್ತಿ ನನ್ನದು. ಆರು ಸಲದಲ್ಲಿ ಒಮ್ಮೆ ಅವನು ಬಿಟ್ಟುಕೊಟ್ಟರೂ ಆ 600, ಉಳಿದ ಐದು ಸಲದ ನಷ್ಟಕ್ಕೆ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಲಾಭ. ಒಪ್ಪಲು ಲಾಯಕ್ಕಿಲ್ಲದ ಕೈ ತಳ್ಳಲು ಲಾಯಕ್ಕಾಯಿತು! ಎಲ್ಲ ಬಿಲ್ಲೆಯೂ ನಡುವೆ ಬಿದ್ದ ಮೇಲೆ ಒಪ್ಪಿದವನು ಎಲೆಯನ್ನೇ ನಂಬಬೇಕು. ತಳ್ಳುವವನಿಗೆ ಎದುರಾಳಿಯ ಹಿಂಜರಿಕೆಯೂ ಒಂದು ದಾರಿ.

ಜನವರಿ 15, ಗುರುವಾರ

ಊಟವಾದ ಮೇಲೆ 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್ ಮತ್ತೆ ನೋಡಿದೆ. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ. ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್. ಎದುರಿಗೆ ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ. ಮನಿಮೇಕರ್ ಕೈಯಲ್ಲಿ ಇಸ್ಪೀಟು ರಾಜ, ಆಟೀನು ಏಳು. ಮೇಜಿನ ಮೇಲೆ 9, 2, 6, 8. ಅವುಗಳಲ್ಲಿ ಮೂರು ಎಲೆ ಇಸ್ಪೀಟು. ಇನ್ನೊಂದು ಇಸ್ಪೀಟು ಬಂದರೆ ಫ್ಲಶ್, ಐದೋ ಹತ್ತೋ ಬಂದರೆ ಸಾಲಾಗಿ ಐದು ಅಂಕಿ, ಅಂದರೆ ಸ್ಟ್ರೇಟ್. ಅಲ್ಲೇ ಪಣ ಏರಿಸಿದ್ದ. ಕೊನೆಗೆ ಬಂದದ್ದು ಆಟೀನು ಮೂರು. ಫರ್ಹಾ ಬಳಿ ಒಂಬತ್ತರ ಜೋಡಿ. ಎಲೆ ತೋರಿಸಿದರೆ ಮನಿಮೇಕರ್ ಸೋತಂತೆಯೇ. ಎಲ್ಲವನ್ನೂ ತಳ್ಳಿದ. ಫರ್ಹಾ ತುಂಬಾ ಯೋಚಿಸಿ ಎಲೆ ಎಸೆದ. ಅಲ್ಲಿ ಎಲೆಯ ಬಲ ಸೊನ್ನೆ. ಕೆಲಸ ಮಾಡಿದ್ದು ಎದುರಾಳಿಯ ಹಿಂಜರಿಕೆ ಎಂಬ ಎರಡನೇ ದಾರಿಯೊಂದೇ. ಹಿಂದಿನ ಸುತ್ತಿನಲ್ಲಿ ಏರಿಸಿದ್ದರಿಂದಲೇ ಆ ತಳ್ಳಾಟ ನಂಬುವಂತಿತ್ತು. ಕೊನೆಗೆ 25 ಲಕ್ಷ ಡಾಲರ್ ಮನಿಮೇಕರನದಾಯಿತು.

ಜನವರಿ 18, ಭಾನುವಾರ

ತಮ್ಮನ ಮಗ ಕೇಳಿದ: ‘ಎರಡು ಎಕ್ಕ ಬಂದರೆ ಕಣ್ಮುಚ್ಚಿ ಎಲ್ಲ ಹಾಕಬಹುದಲ್ವಾ?’ ಸರಾಸರಿ 221 ಕೈಗೊಮ್ಮೆ ಬರುವ ಜೋಡಿ ಅದು. ಎದುರಿಗೆ ಎರಡು ರಾಜ ಇದ್ದರೂ ಗೆಲುವು ಸುಮಾರು ಶೇ. 82. ಹಾಕು ಎಂದೆ. ಆದರೆ ಅಂಥ ಪಣವನ್ನೂ ಸತತ ಐದು ಸಲ ಗೆಲ್ಲುವ ಸಂಭವ ಶೇ. 37 ಮಾತ್ರ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರದಂತೆ, ಒಂದಕ್ಕೊಂದು ಪಣದಲ್ಲಿ ಗೆಲುವಿನ ಸಂಭವ ಶೇ. 55 ಇದ್ದರೆ ಒಡ್ಡಬೇಕಾದ್ದು ಒಟ್ಟು ಗಂಟಿನ ಹತ್ತರಲ್ಲೊಂದು ಪಾಲು. ಮೇಜಿನ ಮೇಲಿರುವುದನ್ನೆಲ್ಲ ಧೈರ್ಯವಾಗಿ ತಳ್ಳಬೇಕಾದರೆ ಅದು ಗಂಟಿನ ಸಣ್ಣ ಪಾಲಾಗಿರಬೇಕು. ಇದನ್ನು ಅವನಿಗೆ ಒತ್ತಿ ಹೇಳಿದೆ. ಬರುವ ವಾರ ಅವನನ್ನೂ ಆಟಕ್ಕೆ ಕೂರಿಸುತ್ತೇನೆ. ತಳ್ಳುವ ಮೊದಲು ಬೆಲೆ ಎಷ್ಟು, ಗೆಲ್ಲುವ ಸಂಭವ ಎಷ್ಟು, ಎದುರಿನವನು ಬಿಟ್ಟುಕೊಡುವುದು ಎಷ್ಟು ಸಲ ಎಂದು ಬಾಯಿಬಿಟ್ಟು ಹೇಳಬೇಕು. ಗೆದ್ದರೂ ಸೋತರೂ ನಾನು ತಿದ್ದುವುದು ಆ ಉತ್ತರಗಳನ್ನೇ.